ಕೊಟ್ಟಿಗೆ ನೋಡಿ ಕೊಡಲಾಗುವುದು

‘ಮಾರಾಟಕ್ಕಿದೆ’ ಎಂದು ಗೇಟಿಗೆ ಬೋರ್ಡು ಕಟ್ಟಿ, ಕೊಳ್ಳಲು ಬಂದವರಿಗೆಲ್ಲ ಬೆಲ್ಲ ನೀರು ಕೊಟ್ಟು, ಆಮೇಲೆ ಒಂದಲ್ಲ ಒಂದು ನೆಪ ತೆಗೆದು ವಾಪಸು ಕಳಿಸುತ್ತಿದ್ದ ಒಬ್ಬರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಹೋದ ತಿಂಗಳು ಅವರು ತೀರಿಕೊಂಡರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕಂತೆ. ಹೇಳೋಣ. ಆದರೆ ಅವರು ನನ್ನನ್ನು ಹೈರಾಣು ಮಾಡಿದ್ದನ್ನು ಬಿಟ್ಟು ಬರೆದರೆ ಅದು ಅವರ ಬಗ್ಗೆ ಬರೆದ ಹಾಗಾಗುವುದಿಲ್ಲ.

ಸಾಗರದಲ್ಲಿ ಅವರದೊಂದು ಡ್ರೈವಿಂಗ್ ಸ್ಕೂಲು. ನಾನು ಅದೇ ಊರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮೂವತ್ತೆಂಟನೆಯ ವಯಸ್ಸಿನಲ್ಲಿ ಕಾರು ಕಲಿಯುವ ಹುಕಿ ಬಂದು ಅವರ ಬಳಿ ಹೋದೆ. ಮೊದಲನೆಯ ವಾರ ಪೂರ್ತಿ ರಿವರ್ಸ್ ಗೇರು. ಊರಾಚೆಯ ಮೈದಾನದ ಈ ತುದಿಯಿಂದ ಆ ತುದಿಗೆ ಹಿಂದು ಹಿಂದಕ್ಕೆ. ನನ್ನ ಕುತ್ತಿಗೆ ಹಿಡಿದುಕೊಂಡಿತು. “ಮುಂದೆ ಹೋಗೋದು ಯಾವಾಗ ಸಾರ್?” ಎಂದು ಕೇಳಿದೆ.

“ಮುಂದೆ ಹೋಗೋದು ದನಕ್ಕೂ ಗೊತ್ತು ಮೇಡಂ. ಹಿಂದೆ ಬರೋದು ಕಲೀರಿ ಮೊದ್ಲು.”

ತಪ್ಪು ಮಾಡಿದರೆ ಅವರು ಬೈಯುತ್ತಿರಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿ “ಇರ್ಲಿ ಬಿಡಿ” ಅನ್ನುತ್ತಿದ್ದರು. ಬೈಸಿಕೊಂಡರೆ ತಿರುಗಿ ಒಂದು ಮಾತು ಆಡಬಹುದು. ಈ ‘ಇರ್ಲಿ ಬಿಡಿ’ಗೆ ಎದುರು ಮಾತಿಲ್ಲ. ಕ್ಲಚ್ಚು ಬಿಟ್ಟು ಕಾರು ಕುಪ್ಪಳಿಸಿದಾಗ ಅವರು ಅದನ್ನು ಹೇಳಿದ ರೀತಿ ಇಂದಿಗೂ ಕಿವಿಯಲ್ಲಿದೆ ಎಂದು ಬರೆಯಹೊರಟೆ. ನಿಜಕ್ಕೂ ಇದೆಯೇ? ಆಮೇಲೆ ಹತ್ತು ಹನ್ನೊಂದು ವರ್ಷ ಅದನ್ನೇ ಬೇರೆ ಬೇರೆ ಕಾರಣಕ್ಕೆ ಕೇಳಿಸಿಕೊಂಡಿದ್ದೇನೆ. ಯಾವ ‘ಇರ್ಲಿ ಬಿಡಿ’ ಯಾವ ದಿನದ್ದೋ ಹೇಳಲಾರೆ.

ಕಾರಿನ ವಿಷಯಕ್ಕೆ ಬರುತ್ತೇನೆ. ಅವರ ಮನೆಯ ಪಕ್ಕದ ಶೆಡ್ಡಿನಲ್ಲಿ ಜರ್ಮನಿಯ ಒಂದು ಹಳೆಯ ಸ್ಪೋರ್ಟ್ಸ್ ಕಾರಿತ್ತು. ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಕೊಳ್ಳುವವರ ಫೋನು ಮತ್ತೆ ನನಗೇ ಶುರುವಾಗುತ್ತದೆ. ಎರಡೇ ಸೀಟು, ಸ್ಟೇರಿಂಗು ಎಡಗಡೆ, ಹಣ್ಣಾದ ಮುರುಗಲಿನ ಕಡುಗೆಂಪು ಬಣ್ಣ. ಮೇಲೆ ಬಟ್ಟೆಯ ಹುಡ್ಡು. ಮಡಚಿ ಹಿಂದಕ್ಕೆ ಹಾಕಿದರೆ ಆಕಾಶವೇ ಸೂರು. ವರ್ಷದಲ್ಲಿ ಐದು ತಿಂಗಳು ಕೊಡೆ ಕೆಳಗಿಡದ ಸೀಮೆಯಲ್ಲಿ ಸೂರಿಲ್ಲದ ಕಾರು! ಬಟ್ಟೆ ಹರಿದಾಗಲೆಲ್ಲ ಪೇಟೆಯ ಕೊಡೆ ರಿಪೇರಿಯವನಿಂದಲೇ ಹೊಲಿಸುತ್ತಿದ್ದರು. “ಅವ್ನಿಗೆ ನೀರು ಎಲ್ಲಿಂದ ಬರುತ್ತೆ ಅಂತ ಗೊತ್ತು” ಎನ್ನುವುದು ಅವರ ಸಮರ್ಥನೆ.

ಆ ಕಾರು ಅವರಿಗೆ ಎಲ್ಲಿಂದ ಬಂತು? ನನ್ನ ಡೈರಿಯಲ್ಲಿ ಮೂರು ಉತ್ತರಗಳಿವೆ, ಮೂರನ್ನೂ ಅವರೇ ಹೇಳಿದ್ದು. ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಯಾರೋ ಪರದೇಶದ ಇಂಜಿನಿಯರು ಬಿಟ್ಟುಹೋಗಿದ್ದು. ಕೊಪ್ಪದ ಕಡೆಯ ಎಸ್ಟೇಟಿನವರೊಬ್ಬರು ಕೊಟ್ಟಿದ್ದು. ಜೋಗಕ್ಕೆ ಶೂಟಿಂಗಿಗೆ ಬಂದವರ ಕಾರು ಕೆಟ್ಟು ನಿಂತಿದ್ದು. ಒಮ್ಮೆ ಆರ್‌ಸಿ ಪುಸ್ತಕ ತೆಗೆಸಿ ನೋಡಿದೆ. ಅದರಲ್ಲಿ ಮೊದಲಿನ ಮಾಲೀಕರ ವಿಳಾಸ ಮಂಗಳೂರಿನದು. “ಇದು ಮೂರರಲ್ಲಿ ಯಾವುದಕ್ಕೂ ಹೊಂದಲ್ವಲ್ಲ ಸಾರ್” ಎಂದೆ.

“ಆರ್‌ಸಿ ಬರೆದೋನೂ ನಮ್ಮ ಹಂಗೆ ಮನುಷ್ಯನೇ ಅಲ್ವಾ?”

ಬರೆದದ್ದೆಲ್ಲ ನಿಜವಲ್ಲ ಎಂದು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುವ ಪಾಠವನ್ನು ಅವರು ನನಗೇ ಹೇಳಿದರು. ಉರಿದುಹೋಯಿತು.

ಅದನ್ನು ಮಾರುವ ಯೋಚನೆ ಶುರುವಾದದ್ದು ಅವರ ಕಣ್ಣಿನ ದೆಸೆಯಿಂದ. ಒಂದು ದಿನ ಹೊಸಬರಿಗೆ ಕಲಿಸುವಾಗ ಬಲಗಡೆಯಿಂದ ಬಂದ ಸೈಕಲ್ಲು ಅವರಿಗೆ ಕಾಣಲಿಲ್ಲವಂತೆ. ಯಾರಿಗೂ ಏನೂ ಆಗಲಿಲ್ಲ. ಅವತ್ತೇ ಸ್ಕೂಲಿನ ಕೀಲಿಕೈಗೊಂಚಲನ್ನು ಮಗಳ ಕೈಗೆ ಕೊಟ್ಟರು. ಶಿವಮೊಗ್ಗದ ಡಾಕ್ಟರು ಕಣ್ಣೊಳಗಿನ ಒತ್ತಡ ಜಾಸ್ತಿಯಾಗಿದೆ, ಹೋದ ದೃಷ್ಟಿ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಲು ನೋಡೋಣ ಎಂದರು. ಮಗಳು ಸಾಗರದಲ್ಲೇ ಇದ್ದಾಳೆ, ಅಪ್ಪನಿಗಿಂತ ಚೆನ್ನಾಗಿ ಕಲಿಸುತ್ತಾಳೆ, ಮೊದಲನೆಯ ದಿನವೇ ಮುಂದಕ್ಕೆ ಓಡಿಸಲು ಬಿಡುತ್ತಾಳೆ. ಜರ್ಮನ್ ಕಾರು ಅವಳಿಗೆ ಬೇಡವಾಗಿತ್ತು. “ನಂಗೆ ಎರಡು ಕಡೆ ಬ್ರೇಕ್ ಇರೋ ಕಾರು ಬೇಕು ಮೇಡಂ. ಇದಕ್ಕೆ ಒಂದು ಕಡೆ ಇರೋದೇ ಡೌಟು” ಎಂದಳು.

ಆಗ ಅವರು ನನ್ನನ್ನು ಕರೆಸಿ ಹೇಳಿದ ಮಾತಿದು: “ಪೂರ್ತಿ ಕತ್ತಲಾಗೋದ್ರೊಳಗೆ ಇದು ಯಾರ ಕೈಗೆ ಹೋಗುತ್ತೆ ಅಂತ ನಾನು ನೋಡ್ಬೇಕು. ಹಸು ಮಾರೋನಿಗೆ ಕಣ್ಣಿಲ್ಲ ಅಂದ್ರೆ ಮತ್ತೆಂತ, ಕೊಟ್ಟಿಗೆ ಬಗ್ಗೆ ಎಲ್ರೂ ಸುಳ್ಳು ಹೇಳ್ತಾರೆ. ನೀವು ಓದಿದೋರು, ಒಂದು ಜಾಹೀರಾತು ಬರ್ಕೊಡಿ.”

ನಾನು ಬರೆದೆ: ಹಳೆಯ ಜರ್ಮನ್ ಕಾರು, ಎರಡು ಸೀಟು, ಮಡಚುವ ಹುಡ್ಡು, ಸುಸ್ಥಿತಿಯಲ್ಲಿದೆ. ಅವರು ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದಿ ‘ಸುಸ್ಥಿತಿ’ಯನ್ನು ಹೊಡೆದುಹಾಕಿಸಿದರು. ಆಮೇಲೆ ಹೇಳಿ ಬರೆಸಿದರು. ಎರಡನೇ ಗೇರು ಕೆಲವೊಮ್ಮೆ ಸಿಟ್ಟು ಮಾಡುತ್ತದೆ. ಮಳೆ ಬಂದರೆ ಎಡಗಾಲು ಒದ್ದೆಯಾಗುತ್ತದೆ. ಬೆಳಿಗ್ಗೆ ಒಂದನೇ ಸಲಕ್ಕೆ, ಎರಡನೇ ಸಲಕ್ಕೆ ಸ್ಟಾರ್ಟ್ ಆಗುವುದಿಲ್ಲ, ಮೂರನೇ ಸಲ ಆಗುತ್ತದೆ, ನಾಲ್ಕನೇ ಸಲ ಪ್ರಯತ್ನ ಮಾಡಬಾರದು. ಕೊನೆಗೆ, ‘ತೆಗೆದುಕೊಳ್ಳುವವರ ಕೊಟ್ಟಿಗೆ ನೋಡಿ ಕೊಡಲಾಗುವುದು.’

“ಕೊಟ್ಟಿಗೆ ಅಂತ ಬರೆದ್ರೆ ದನ ಅಂದ್ಕೋತಾರೆ ಸಾರ್. ಶೆಡ್ ಅನ್ನೋಣ.”

“ಶೆಡ್ಡು ಅಂದ್ರೆ ಬರೀ ನಾಲ್ಕು ಕಂಬ ಮೇಡಂ. ಕೊಟ್ಟಿಗೆ ಅಂದ್ರೆ ಅದ್ರಲ್ಲಿ ಒಂದು ಜೀವ ಇರುತ್ತೆ, ಬೆಳಿಗ್ಗೆ ಎದ್ದು ಅದ್ನ ಯಾರೋ ನೋಡ್ತಾರೆ ಅಂತ.”

ಪತ್ರಿಕೆಯ ಏಜೆಂಟರು ನನಗೆ ಎರಡು ಸಲ ಫೋನು ಮಾಡಿ, ಇದು ಕಾರೋ ಎಮ್ಮೆಯೋ ಎಂದು ವಿಚಾರಿಸಿದರು.

ಕೊಟ್ಟಿಗೆ ನೋಡಿ ಕೊಡುವುದು ಅವರ ತಾಯಿಯಿಂದ ಬಂದ ಪದ್ಧತಿ. ಆಕೆ ಹೊಸನಗರದ ಕಡೆಯವರು, ಮನೆ ತುಂಬ ದನ. ಕರು ಕೊಡುವ ಮೊದಲು ಕೊಳ್ಳುವವರ ಕೊಟ್ಟಿಗೆಯನ್ನು ತಾವೇ ಹೋಗಿ ನೋಡಿ ಬರುತ್ತಿದ್ದರಂತೆ. ಹಸುವಿನ ಎದುರೇ ಅದರ ದುರ್ಗುಣಗಳನ್ನೆಲ್ಲ ಹೇಳುತ್ತಿದ್ದರಂತೆ: ಒದೆಯುತ್ತದೆ, ಬೇಲಿ ಹಾರುತ್ತದೆ, ಹಾಲು ಇಳಿಸದೆ ಏರಿಸಿಕೊಳ್ಳುತ್ತದೆ. ಹಸು ಕೊಟ್ಟರೂ ಅದರ ಕೊರಳ ಹಗ್ಗವನ್ನು ಮಾತ್ರ ಬಿಚ್ಚಿ ತಾವೇ ಇಟ್ಟುಕೊಳ್ಳುತ್ತಿದ್ದರಂತೆ. ಹಗ್ಗ ಕೊಟ್ಟರೆ ಕೊಟ್ಟಿಗೆಯ ಏಳಿಗೆ ಹೋಗುತ್ತದೆ. ಹೊಸ ಹಗ್ಗ ತರುವುದು ಕೊಂಡವರ ಕೆಲಸ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ರೂಢಿ. ಒಮ್ಮೆ ಅಲ್ಲೇ ನಗರ ಎನ್ನುವ ಊರಿನ ಒಬ್ಬರಿಗೆ ಕರು ಕೊಡಲು ಹೋಗಿ, ಅಲ್ಲಿ ಕೊಟ್ಟಿಗೆಯ ನೆಲದಲ್ಲಿ ಗಂಜಳ ನಿಲ್ಲುತ್ತದೆಂದು ಆಕೆ ಕರುವನ್ನು ವಾಪಸು ನಡೆಸಿಕೊಂಡು ಬಂದರಂತೆ. ಈ ಕತೆಯಲ್ಲಿ ಆಕೆ ನಡೆದ ದೂರ ವರ್ಷವರ್ಷಕ್ಕೂ ಹೆಚ್ಚಾಗುತ್ತಿತ್ತು.

ಕೊಳ್ಳಲು ಬಂದವರು ಒಬ್ಬಿಬ್ಬರಲ್ಲ. ಬೆಂಗಳೂರಿನಿಂದ ಹಳೆ ಕಾರು ಕೂಡಿಡುವ ಒಬ್ಬರು ಬಂದರು. ಜೇಬಿನಿಂದ ಅಯಸ್ಕಾಂತ ತೆಗೆದು ಬಾಗಿಲಿಗೆ, ಬಾನೆಟ್ಟಿಗೆ ಅಂಟಿಸಿ ನೋಡತೊಡಗಿದರು. ತಗಡು ಎಲ್ಲಿ ಅಸಲಿ, ಎಲ್ಲಿ ಪುಟ್ಟಿ ಮೆತ್ತಿದೆ ಎಂದು ತಿಳಿಯಲು. ಇವರು, “ಎಲ್ಲೆಲ್ಲಿ ಮೆತ್ತಿದೆ ಅಂತ ನನ್ನ ಕೇಳಿದ್ರೆ ನಾನೇ ಹೇಳ್ತಿದ್ನಲ್ಲ ಸ್ವಾಮಿ. ಹೆಣ್ಣು ನೋಡಕ್ಕೆ ಬಂದು ಹಲ್ಲು ಅಲ್ಲಾಡಿಸಿ ನೋಡ್ತಾರಾ?” ಎಂದರು. ಅಲ್ಲಿಗೆ ಆ ಸಂಬಂಧ ಮುಗಿಯಿತು.

ತೀರ್ಥಹಳ್ಳಿಯ ಆಚೆ, ಹಕ್ಕಿಧಾಮವಿರುವ ಮಂಡಗದ್ದೆಯ ದಾರಿಯಲ್ಲಿ ರೆಸಾರ್ಟು ಇಟ್ಟುಕೊಂಡಿದ್ದವರೊಬ್ಬರು ಬಹಳ ಆಸೆಪಟ್ಟರು. ಕೊಟ್ಟಿಗೆ ನೋಡಲು ನಾನೇ ಇವರನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡು ಹೋದೆ. ಸಾಗರದಿಂದ ಹೊಸನಗರ, ಅಲ್ಲಿಂದ ತೀರ್ಥಹಳ್ಳಿ, ದಾರಿಯುದ್ದಕ್ಕೂ ಇವರು ನನ್ನ ಗೇರು ಬದಲಾವಣೆಗೆ ಕಣ್ಣು ಮುಚ್ಚಿ ತಲೆ ಅಲ್ಲಾಡಿಸುತ್ತ. ರೆಸಾರ್ಟಿನಲ್ಲಿ ಕೊಟ್ಟಿಗೆಯೇ ಇರಲಿಲ್ಲ.

“ಇಲ್ಲೇ ಹುಲ್ಲಿನ ಮೇಲೆ ಇಡ್ತೀವಿ ಸಾರ್. ಗೆಸ್ಟುಗಳು ಫೋಟೊ ತೆಗೆಸ್ಕೋತಾರೆ. ನ್ಯಾಚುರಲ್ಲಾಗಿರುತ್ತೆ.”

“ಹೌದೌದು. ಮಂಡಗದ್ದೆ ಹಕ್ಕಿಗಳು ಬಂದು ನ್ಯಾಚುರಲ್ಲಾಗಿ ಮೇಲೆ ಸುಣ್ಣ ಬಳೀತಾವೆ.”

ವಾಪಸು ಬರುವಾಗ ನಾನು ರೇಗಿದೆ. “ನಿಮಗೆ ಮಾರೋ ಮನಸ್ಸೇ ಇಲ್ಲ. ಸುಮ್ನೆ ಎಲ್ಲರನ್ನೂ ಕುಣಿಸ್ತೀರಿ.” ಬಹಳ ದೂರ ಬಂದ ಮೇಲೆ, “ಈ ಕಡೆ ಗದ್ದೆ ನೆಟ್ಟಿದಾರಾ ಮೇಡಂ?” ಎಂದು ಕೇಳಿದರು. ರಸ್ತೆಯ ಎರಡೂ ಕಡೆ ನೆಟ್ಟ ಗದ್ದೆ ಹಸುರಾಗಿ ಎದ್ದು ಕಾಣುತ್ತಿತ್ತು. ಅವರಿಗೆ ಅಷ್ಟೂ ಕಾಣುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ. ರೇಗಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆ ಹೆಚ್ಚು ದಿನ ಉಳಿಯಲಿಲ್ಲ, ಏಕೆಂದರೆ ಮುಂದಿನ ಭಾನುವಾರ ಮತ್ತೊಬ್ಬರ ಕೊಟ್ಟಿಗೆ ನೋಡಲು ಹೋಗಬೇಕಿತ್ತು.

ಹೀಗೇ ನಾಲ್ಕು ವರ್ಷ ಕಳೆಯಿತು. ಈ ವರ್ಷದ ಮಾರ್ಚಿನಲ್ಲಿ ಹೊಸನಗರದಿಂದ ಒಬ್ಬ ಸಾಮಿಲ್ಲಿನವರು ಬಂದರು. ಮರ ಕೊಯ್ಯುವ ಮಿಲ್ಲಿಟ್ಟುಕೊಂಡ, ನಲವತ್ತರ ಆಸುಪಾಸಿನ, ಮೆತ್ತಗೆ ಮಾತಾಡುವ ಮನುಷ್ಯ. ಕಾರಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ಟನ್ನು ಅಂಗೈಯಿಂದಲ್ಲ, ಬೆರಳುಗಳ ಹಿಂಭಾಗದಿಂದ ಮುಟ್ಟಿದರು. ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ. ನಾನು ಅದನ್ನು ಇವರಿಗೆ ಹೇಳಿದೆ. ಇವರ ಮುಖ ಅರಳಿತು. ಆ ಹೊತ್ತಿಗೆ ಇವರಿಗೆ ಕಿಟಕಿ ಯಾವುದು, ಗೋಡೆ ಯಾವುದು ಎನ್ನುವಷ್ಟು ಬೆಳಕು ಮಾತ್ರ ಉಳಿದಿತ್ತು. ನೋಡಿ ಕೊಡುತ್ತೇನೆ ಎಂದವರಿಗೆ ನೋಡಲು ನಾನೊಬ್ಬಳೇ.

ಹೊಸನಗರಕ್ಕೆ ಹೋದೆವು. ಮಧ್ಯಾಹ್ನ, ನೆತ್ತಿಯ ಮೇಲೆ ಬಿಸಿಲು. ನನ್ನ ಮನೆಯಲ್ಲಿ ತಿದ್ದದೆ ಉಳಿದ ಉತ್ತರಪತ್ರಿಕೆಗಳ ಎರಡು ಕಟ್ಟು. ಮಿಲ್ಲಿನ ಹಿಂದಿನ ಶೆಡ್ಡಿಗೆ ಹೊದೆಸಿದ್ದು ಯಾವುದೋ ಹಳೆಯ ಕಟ್ಟಡದಿಂದ ಬಿಚ್ಚಿ ತಂದ ತಗಡಿನ ಶೀಟುಗಳು. ಹಿಂದೆ ಮೊಳೆ ಹೊಡೆದಿದ್ದ ತೂತುಗಳೆಲ್ಲ ಹಾಗೇ ಇದ್ದವು. ಒಳಗೆ ಕತ್ತಲು, ನೆಲದ ತುಂಬ ಬಿಸಿಲಿನ ಬಿಲ್ಲೆಗಳು. ಮಳೆಗಾಲದಲ್ಲಿ ಅಷ್ಟೂ ಕಡೆ ನೀರು ಬೀಳುತ್ತದೆ ಎಂದು ತಿಳಿಯಲು ಓದಿದವರೇ ಆಗಬೇಕಿಲ್ಲ.

“ಮೇಲೆ ಹೆಂಗಿದೆ ಮೇಡಂ?”

“ಶೀಟು ಹಾಕಿದಾರೆ. ಗಟ್ಟಿ ಇದೆ.”

“ತೂತು?”

ಸಾಮಿಲ್ಲಿನವರು “ಅದು ಸ್ವಲ್ಪ...” ಎಂದು ಬಾಯಿ ತೆರೆದರು. ಹೇಳಿಬಿಡುವ ಮನುಷ್ಯ ಅವರು. ನಾನೇ ಕಣ್ಸನ್ನೆ ಮಾಡಿ ತಡೆದೆ. “ತೂತು ಗೀತು ಏನಿಲ್ಲ ಸಾರ್. ಚೆನ್ನಾಗಿದೆ.”

ಯಾಕೆ ಹಾಗೆ ಹೇಳಿದೆ? ಆ ಒಳ್ಳೆಯ ಮನುಷ್ಯ ಕೈತಪ್ಪಿ ಹೋಗಬಾರದೆಂದೇ? ಇವರ ಕಾಯುವಿಕೆ ಮುಗಿಯಲೆಂದೇ? ಉತ್ತರಪತ್ರಿಕೆಗಳೇ? ನನ್ನ ಬಗ್ಗೆ ನಾನು ಒಳ್ಳೆಯ ಕಾರಣವನ್ನೇ ಆರಿಸಿಕೊಳ್ಳುತ್ತೇನೆ ಎಂದು ಗೊತ್ತಿರುವುದರಿಂದ, ಉತ್ತರಪತ್ರಿಕೆ ಎಂದೇ ಇಟ್ಟುಕೊಳ್ಳೋಣ. ಆ ದಿನದ ಡೈರಿ ತೆಗೆದು ನೋಡಿದೆ. ‘ಹೊಸನಗರ. ಶೆಡ್ ಚೆನ್ನಾಗಿದೆ. ಒಪ್ಪಿದರು’ ಎಂದು ಬರೆದಿದ್ದೇನೆ. ಯಾರೂ ಓದದ ಡೈರಿಯಲ್ಲೂ ಸುಳ್ಳು! ನೆನಪನ್ನು ನಂಬಬಾರದು, ಬರೆದಿಡಬೇಕು ಎಂದು ಮಕ್ಕಳಿಗೆ ಹೇಳುವವಳು ನಾನು.

ಒಂದು ವಿಷಯ ಮಾತ್ರ ಡೈರಿಯಲ್ಲಿಲ್ಲ, ನೆನಪಿನಲ್ಲಿದೆ. ಅವರು ಶೆಡ್ಡಿನ ನಡುವೆ ಒಂದು ಕೈ ಮುಂದೆ ಚಾಚಿ ನಿಧಾನ ನಡೆದರು. ಗೋಡೆ ತಡವುತ್ತಿದ್ದಾರೆ ಅಂದುಕೊಂಡೆ. ಒಂದು ಕಡೆ ನಿಂತು ಅಂಗೈಯನ್ನು ಮೇಲೆ ಮಾಡಿದರು, ಹನಿ ಬೀಳುತ್ತಿದೆಯೇ ಎಂದು ನೋಡುವ ಹಾಗೆ. ಆ ಅಂಗೈಯಲ್ಲಿ ಬಿಸಿಲಿನ ಒಂದು ಬಿಲ್ಲೆ ಇತ್ತು. ಇತ್ತೇ? ಈಗ ಹಾಗೆ ಕಾಣುತ್ತದೆ. ಆಮೇಲೆ ಆದದ್ದನ್ನೆಲ್ಲ ತಿಳಿದು ನಾನೇ ಅಲ್ಲಿ ತಂದಿಟ್ಟ ಬಿಲ್ಲೆಯೂ ಇರಬಹುದು. ಅವರು ಅಂದ ಮಾತಿನಲ್ಲಿ ಮಾತ್ರ ಅನುಮಾನವಿಲ್ಲ.

“ಇರ್ಲಿ ಬಿಡಿ.”

ಮರುವಾರ ಲಾರಿ ಬಂತು. ಕಾಗದಗಳಿಗೆಲ್ಲ ಸಹಿಯಾಯಿತು. ಅವರು ಕಾರಿನ ಪಕ್ಕ ನಿಂತು ಗೇರಿನ ಸಿಟ್ಟು, ಎಡಗಾಲಿನ ನೀರು, ಮೂರನೇ ಸಲದ ಸ್ಟಾರ್ಟು, ಎಲ್ಲವನ್ನೂ ಮತ್ತೊಮ್ಮೆ ಒಪ್ಪಿಸಿದರು. ಕಾರು ಲಾರಿಯ ಮೇಲೆ ಏರಿತು. ಮಗಳು ತೆಗೆದುಕೊಟ್ಟ ಕೀಯನ್ನು ಅವರು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು.

“ಕೀ ಸಾರ್?” ಸಾಮಿಲ್ಲಿನವರು ಕೇಳಿದರು.

“ಹಸು ಕೊಟ್ಟೋರು ಹಗ್ಗ ಕೊಡ್ತಾರಾ?”

ಎಲ್ಲರೂ ನಕ್ಕೆವು. ಲಾರಿಗೆ ಅಡ್ಡ ಬಂದ ಕರೆಂಟು ತಂತಿ, ಹಿಂದೆ ನಿಂತ ಆಟೋ, ಅದೂ ಇದೂ ಗಡಿಬಿಡಿ. ಸಂಜೆ ಹೊಸನಗರದಿಂದ ನನಗೆ ಫೋನು ಬಂತು. “ಮೇಡಂ, ಅವ್ರು ನಿಜವಾಗ್ಲೂ ಕೀ ಕೊಟ್ಟಿಲ್ಲ.”

ಮರುದಿನ ಹೋಗಿ ಜಗಳಾಡಿದೆ. ಅವರು ಜಗಲಿಯಲ್ಲಿ ಕೂತಿದ್ದರು.

“ಹಗ್ಗ ಬೇರೆ, ಕೀ ಬೇರೆ ಸಾರ್. ಹಗ್ಗ ಇಲ್ದೆ ಹಸು ನಡಿಯುತ್ತೆ.”

“ನಡಿಯುತ್ತೆ. ಎಲ್ಲಿಗೆ ಅನ್ನೋದು ಹಸುಗೆ ಬಿಟ್ಟಿದ್ದು.”

“ತಮಾಷೆ ಸಾಕು. ಅವ್ರು ಪಾಪ ಕಾಯ್ತಿದಾರೆ.”

“ಕಾಯ್ಲಿ. ಕೊಟ್ಟಿಗೆ ಚೆನ್ನಾಗಿದೆ ಅಂತ ನೀವೇ ಹೇಳಿದ್ರಲ್ಲ ಮೇಡಂ. ಚೆನ್ನಾಗಿರೋ ಕೊಟ್ಟಿಗೇಲಿ ನಾಲ್ಕು ದಿನ ನಿಂತ್ರೆ ಅದಕ್ಕೆ ಎಂತ ತೊಂದ್ರೆ?”

ಅವರು ಬೇಕೆಂದೇ ಹೇಳಿದರೋ, ತಾಯಿಯ ರೂಢಿಯನ್ನು ಹಿಡಿದುಕೊಂಡು ಹಟ ಮಾಡುತ್ತಿದ್ದರೋ ಮುಖದಲ್ಲಿ ತಿಳಿಯಲಿಲ್ಲ. ಕೇಳಬಹುದಿತ್ತು. ಕೇಳಿದರೆ ನನ್ನ ಸುಳ್ಳನ್ನು ಮೊದಲು ಹೇಳಬೇಕಾಗುತ್ತಿತ್ತು. ದಡಬಡ ಎದ್ದು ಬಂದೆ. ಅದೇ ಕೊನೆಯ ಭೇಟಿ ಎಂದು ನನಗೇನು ಗೊತ್ತು?

ಶಿವಮೊಗ್ಗದಿಂದ ಕರೆಸಿದ ಕೀ ಮಾಡುವವನು, ಲಾಕ್ ಒಡೆಯದೆ ಆಗುವುದಿಲ್ಲ ಎಂದನಂತೆ. ಸಾಮಿಲ್ಲಿನವರು ಒಡೆಸಲಿಲ್ಲ. “ಕೊಟ್ಟೋರ ಮನಸ್ಸು ಪೂರ್ತಿ ಬಂದಿಲ್ಲ ಅನ್ಸುತ್ತೆ ಮೇಡಂ. ಬರ್ಲಿ” ಎಂದರು. ಇಂಥವರಿಗಲ್ಲವೇ ನಾನು ಕಣ್ಸನ್ನೆಯಲ್ಲಿ ಸುಳ್ಳು ಕಲಿಸಿದ್ದು.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಹಾಗೇ ಒರಗಿದರಂತೆ. ಎದೆಯ ತೊಂದರೆ. ಹನ್ನೆರಡನೆಯ ದಿನ ಕಳೆದ ಮೇಲೆ ಮಗಳು ನನ್ನ ಮನೆಗೆ ಬಂದು ಕೀಯನ್ನು ಮೇಜಿನ ಮೇಲಿಟ್ಟಳು.

“ಅಪ್ಪಯ್ಯ ಹಿಂದಿನ ವಾರನೇ ಹೇಳಿಟ್ಟಿದ್ರು. ‘ಮೇಡಂ ಒಂದ್ಸಲ ಹೋಗಿ ಕೊಟ್ಟಿಗೆ ನೋಡ್ಲಿ, ಸರಿ ಇದ್ರೆ ಅವ್ರೇ ಕೀ ಕೊಟ್ಟು ಬರ್ಲಿ’ ಅಂತ.”

“ನೋಡಿದ್ನಲ್ಲ. ಒಟ್ಟಿಗೇ ಹೋಗಿದ್ವಿ.”

“ನಾನೂ ಹಂಗೇ ಅಂದೆ. ‘ಇಲ್ಲ, ಮೇಡಂ ನೋಡಿಲ್ಲ, ನಂಗೆ ಹೇಳಿದ್ರು ಅಷ್ಟೆ’ ಅಂದ್ರು. ಎಂತ ಅಂತ ಗೊತ್ತಾಗ್ಲಿಲ್ಲ.”

ನನಗೆ ಗೊತ್ತಾಯಿತು. ಸತ್ತ ಮೇಲೂ ಬಿಡಲಿಲ್ಲವಲ್ಲ ಎಂದು ಸಿಟ್ಟೂ ಬಂತು. ಸಿಟ್ಟಿನ ಜೊತೆ ಬಂದ ಇನ್ನೊಂದರ ಹೆಸರು ಬರೆಯುವುದಿಲ್ಲ.

ಇವತ್ತು ಹೊಸನಗರಕ್ಕೆ ಹೋಗಿದ್ದೆ, ಬೇಕೆಂದೇ ನಡುಮಧ್ಯಾಹ್ನ. ಮಳೆಗಾಲಕ್ಕೆ ಇನ್ನು ಹೆಚ್ಚು ದಿನವಿಲ್ಲ. ಸಾಮಿಲ್ಲಿನವರು ಎದುರು ಬಂದು, “ಅವತ್ತೇ ಮನಸ್ಸಿಗೆ ಸರಿ ಹೋಗ್ಲಿಲ್ಲ ಮೇಡಂ. ಎಲ್ಲಾ ತೂತಿಗೂ ಡಾಂಬರು ಮೆತ್ತಿಸಿದೀನಿ” ಎಂದರು. ನಾನು ಒಳಗೆ ಹೋಗಿ ಬಾಗಿಲು ಎಳೆಯಲು ಹೇಳಿದೆ. ಕತ್ತಲು. ಮುರುಗಲು ಬಣ್ಣದ ಕಾರಿನ ಮೇಲೆ ಒಂದು ಕಣ ಮರದ ಹೊಟ್ಟೂ ಬೀಳದ ಹಾಗೆ ಬಟ್ಟೆ ಹೊದೆಸಿದ್ದರು. ನೆಲದಲ್ಲಿ ಬಿಲ್ಲೆಗಳಿರಲಿಲ್ಲ. ಕಾರಿನ ಸುತ್ತ ನಿಧಾನ ನಡೆದೆ. ಸ್ಟೇರಿಂಗಿನ ಕಡೆ, ಎಡಗಾಲು ಇಡುವ ಜಾಗದ ಮೇಲೆ, ಹೊದಿಕೆಯಲ್ಲಿ ಎಂಟಾಣೆ ಅಗಲದ ಬಿಸಿಲು ಬಿದ್ದಿತ್ತು. ಕಣ್ಣು ಮುಚ್ಚಿ ಅಂಗೈ ಚಾಚಿದೆ. ಆ ಜಾಗದಲ್ಲಿ ಮಾತ್ರ ಬೆಚ್ಚಗಿತ್ತು. ಕಣ್ಣಿಲ್ಲದಿದ್ದರೂ ತಿಳಿಯುತ್ತಿತ್ತು.

“ಒಂದು ಉಳಿದಿದೆ” ಎಂದೆ.

ಸಾಮಿಲ್ಲಿನವರು ಬಂದು ಕತ್ತೆತ್ತಿ ನೋಡಿದರು. “ಅಯ್ಯೋ, ಒಂದೇ ಒಂದಲ್ವಾ ಮೇಡಂ! ಸಂಜೆ ಒಳಗೆ ಮುಚ್ಚಿಸ್ತೀನಿ. ಕೀ ಕೊಟ್ಟು ಹೋಗಿ.”

“ಮುಚ್ಚಿಸಿ. ಭಾನುವಾರ ಬರ್ತೀನಿ.”

“ಮತ್ತೆ ಬರ್ತೀರಾ? ಅಷ್ಟು ದೂರದಿಂದ? ಒಂದು ಫೋಟೊ ತೆಗ್ದು ಕಳಿಸಿದ್ರೆ ಆಗಲ್ವಾ?”

“ಆಗಲ್ಲ. ಮಧ್ಯಾಹ್ನ ಬರ್ತೀನಿ, ಬಿಸಿಲಿರೋವಾಗ.”

“ಎಂತ ಮಾರಾಯ್ರೆ,” ಅವರು ಹಣೆ ಚಚ್ಚಿಕೊಂಡರು, “ಅವ್ರು ಹೋದ್ರು ಅಂದ್ಕೊಂಡ್ರೆ ನೀವು ಬಂದ್ರಿ!”

ಮಿಲ್ಲಿನ ಅಂಗಳದಲ್ಲಿ ಮರದ ದಿಮ್ಮಿ ತುಂಬಿದ ಲಾರಿ ನಿಂತಿತ್ತು, ಕಾರು ತಿರುಗಿಸಲು ಜಾಗವಿರಲಿಲ್ಲ. ರಸ್ತೆಯವರೆಗೂ ಹಿಂದು ಹಿಂದಕ್ಕೇ ಬಂದೆ, ಎಲ್ಲೂ ನಿಲ್ಲಿಸದೆ.

ಈಗ ಡೈರಿ ಬರೆಯುತ್ತಿದ್ದೇನೆ. ಹೊಸನಗರ. ಶೆಡ್ ನೋಡಿದೆ. ಒಂದು ತೂತಿದೆ. ಕೀ ನನ್ನ ಹತ್ತಿರವೇ ಇದೆ.